ಖಾಲಿ ಪಿಸ್ತೂಲು

ಗದ್ವಾಲದಾಗ ಪೊಲೀಸರ ಬಂದೂಕು ಬಿಚ್ಚಿ, ಒರಸಿ, ಎಣ್ಣಿ ಹಾಕೋದು ನನ್ನ ಕೆಲಸ. ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬ್ರು ತಮ್ಮ ಪಿಸ್ತೂಲು ನನ್ನ ಮೇಜಿನ ಮ್ಯಾಲಿಟ್ಟರು.

"ಖಾಲಿ ಐತಿ, ನಾನೇ ನೋಡೀನಿ. ಜಲ್ದಿ ಬಿಚ್ಚಮ್ಮ."

ನಾನು ಅದರ ಮೂತಿ ಗೋಡಿ ಕಡೆ ತಿರುಗಿಸಿ, ಗುಂಡಿನ ಮ್ಯಾಗಜೀನ್ ತೆಗೆದು, ಮ್ಯಾಲಿನ ಜಾರೋ ಭಾಗ, ಸ್ಲೈಡ್, ಹಿಂದಕ್ಕ ಎಳೆದು, ಗುಂಡು ಕೂಡೋ ಜಾಗದಾಗ ಕಿರುಬೆರಳು ಹಾಕಿದೆ.

"ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

"ಹಂಗಲ್ಲರಿ ಸಾಹೇಬ್ರ. ನಾವು ಮಗ್ಗದ ಮನಿಯವರು. ಅಪ್ಪ ಎಳಿಗೆ ಹಾಕಿದ ಗಂಟನ್ನ ಅವ್ವ ಮತ್ತ ಬೆರಳಾಡಿಸಿ ನೋಡ್ತಾಳ. ಅಪ್ಪ ಒಮ್ಮಿನೂ ಸಿಟ್ಟಾಗಿಲ್ಲ."

ಸಾಹೇಬ್ರು ಸಿಟ್ಟಾದರು. "ಈಗ ಒಳಗ ಏನು ಸಿಕ್ತು?"

"ಏನೂ ಇಲ್ಲರಿ."

ಖಾಲಿನೇ ಇತ್ತು. ಒರಸಿ, ಕೂಡಿಸಿ ಕೊಟ್ಟೆ. ಅವರು ಬಾಗಿಲತನಕ ಹೋಗಿ ನಿಂತರು. ಗೋಡಿ ಕಡೆ ತಿರುಗಿ, ಮೆಲ್ಲಗ ಸ್ಲೈಡ್ ಎಳೆದು ಒಳಗ ನೋಡಿದರು.

ನಾನೇನೂ ಸಿಟ್ಟಾಗಲಿಲ್ಲ.