ಪುಟ್ಟಮಾದಕ್ಕಾ, ಗೌರಿಯನ್ನು ಕಟ್ಟಲು ಬಿಡುವುದಿಲ್ಲ

ಸುಳ್ಳು ಅಂತ ಫೋನ್ ಕಟ್ ಮಾಡಿದೆ...
ಮತ್ತೆ ಬಂತು.
ಮತ್ತೆ ಕಟ್ ಮಾಡಿದೆ.
ಮೂರನೇ ಸಲ ಪುಟ್ಟಮಾದಕ್ಕನ ಪಕ್ಕದ ಮನೆಯ ಸಾಕಮ್ಮ ಕಿರುಚಿಯೇ ಬಿಟ್ಟಳು.

"ಅಮ್ಮಾವ್ರೇ, ಪೋನ್ ಮಡಗ್ಬ್ಯಾಡಿ! ಪುಟ್ಮಾದಕ್ಕ ಓಗ್ಬುಟ್ಳು. ಗೌರಿ ಅವ್ವನ ಕೈ ಬುಡ್ತಿಲ್ಲ. ಅತ್ರ ಓದೋರ್ನೆಲ್ಲ ಕಚ್ತಾವ್ಳೆ. ಅವಳ್ನ ಕಟ್ಟಾಕಿ ಎಣ ಎತ್ತವಾ ಅಂತಾವ್ರೆ ಗಂಡುಸ್ರು..."

ಫ್ರೆಂಡ್ಸ್, ನನ್ನ ಪುಟ್ಟಮಾದಕ್ಕ ಇನ್ನಿಲ್ಲ.
ಕಾರಿನಲ್ಲಿದ್ದೇನೆ. ಮೈಸೂರು ದಾಟಿದೆ. ಫೋನಿನಲ್ಲೇ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ...

ಎಪ್ಪತ್ತರ ದಶಕದ ಶುರು.
ಮದುವೆಯಾಗಿ ಹನ್ನೊಂದೇ ದಿನ! ಅಂಗೈಯ ಮದರಂಗಿ ಇನ್ನೂ ಕೆಂಪು.
ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಕೊಳ್ಳೇಗಾಲದಲ್ಲಿ ಹೊಸ ಸಂಸಾರ, ಸಂಜೆ ಇವರ ಸ್ಕೂಟರ್ ಸದ್ದಾದರೆ ಬಾಗಿಲಿಗೆ ಓಟ... ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರಿನವರನ್ನೆಲ್ಲ ಪ್ರೀತಿಸಬೇಕು ಅನ್ನಿಸುತ್ತಿತ್ತು!

ನಮ್ಮ ಬೀದಿಯ ತುದಿಯಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್.
ಒಲೆಗಳ ಸಾಲು. ಒಂದೊಂದರ ಮೇಲೂ ಗೂಡು ಬೇಯುವ ಬಾಣಲೆ.
ನೋಡಲು ಹೋದೆ.
ಅಲ್ಲಿ ಒಂದು ಕಂಬ. ಆ ಕಂಬಕ್ಕೆ, ಸೊಂಟಕ್ಕೆ ಹಗ್ಗ ಬಿಗಿದು ಕಟ್ಟಿದ್ದ ಐದು ವರ್ಷದ ಹೆಣ್ಣು ಮಗು. ಗೌರಿ.

ಮೈ ಉರಿದುಹೋಯಿತು.
"ಮಗುವನ್ನ ಕರುವಿನ ಥರ ಕಟ್ಟಿದ್ದೀರಲ್ಲ, ನಾಚಿಕೆ ಆಗಲ್ವಾ?"
ತಾಯಿ ಪುಟ್ಟಮಾದಕ್ಕ ಗೂಡಿನ ಬುಟ್ಟಿ ತರಲು ಹಿಂದಿನ ಕೋಣೆಗೆ ಹೋಗಿದ್ದಳು. ಒಬ್ಬ ಮುದುಕಿ ಮಾತ್ರ ಕೂಗಿದಳು.
"ಬುಚ್ಬ್ಯಾಡಿ ಕಣವ್ವಾ, ಅದ್ಕೆ ಪಿಟ್ಸು ಬತ್ತದೆ!"
ಕೇಳುವ ತಾಳ್ಮೆ ನನಗೆಲ್ಲಿ? ಗಂಟು ಬಿಚ್ಚಿದೆ. ಪೆಪ್ಪರ್‌ಮಿಂಟ್ ಕೊಟ್ಟೆ.
ಗೌರಿ ನಕ್ಕಳು. ನಾಲ್ಕು ಹೆಜ್ಜೆ ಓಡಿದಳು.
ಮೈ ಸೆಟೆಯಿತು. ಕಣ್ಣು ಮೇಲಾಯಿತು. ಪಕ್ಕಕ್ಕೆ ಬಿದ್ದಳು...
ಬಲಗೈ ಮೊಣಕೈವರೆಗೂ ಕುದಿಯುವ ಬಾಣಲೆಯೊಳಗೆ.

ತಾಯಿ ಓಡಿಬಂದು ಎಳೆದಳು. ಬಳೆಗಳ ಜೊತೆ ಚರ್ಮವೂ ಕಳಚಿ ಬಂತು.
ಮಗುವನ್ನು ಮುದುಕಿಯ ಮಡಿಲಿಗೆ ಹಾಕಿ ನನ್ನ ಕಡೆ ತಿರುಗಿದಳು. ಕೈಯಲ್ಲಿ ಕಬ್ಬಿಣದ ಸೌಟು.
ಭುಜಕ್ಕೆ ಬಿತ್ತು. ಬೆನ್ನಿಗೆ ಬಿತ್ತು. ಜಡೆ ಹಿಡಿದು ನನ್ನ ಹಣೆಯನ್ನು ಗೋಡೆಗೆ ಚಚ್ಚಿದಳು. ತಾಳಿಯ ಸರ ಹರಿದು ಬೂದಿಗೆ ಬಿತ್ತು.
"ಬುಡೇ, ಸತ್ತೋಯ್ತಾಳೆ! ಆಪೀಸರ್ ಎಂಡ್ತಿ ಕಣೇ!" ಮುದುಕಿ ಕೂಗಿದಳು.
"ಸಾಯ್ಲಿ! ಇವ್ಳು ಸಾಯ್ಲಿ!"

ಇವರು ಪೊಲೀಸ್ ಕಂಪ್ಲೇಂಟ್ ಕೊಡಲು ಹೊರಟರು. ಕಾಲು ಹಿಡಿದು ತಡೆದೆ.

ಅಕ್ಕಾ... ಗೌರಿಯನ್ನು ಸೇರಿಸಿದ್ದ ಆ ಆಸ್ಪತ್ರೆ ನಿನಗೆ ನೆನಪಿದೆಯಾ?
ಮೊದಲ ದಿನ ನಾನು ತಂದ ಕಿತ್ತಳೆ ಬುಟ್ಟಿಯನ್ನು ಒದ್ದವಳು ನೀನು. ಮಾರನೆಯ ದಿನ ಬ್ರೆಡ್ಡನ್ನು ಕಿಟಕಿಯಿಂದ ಎಸೆದವಳು ನೀನು. ಮೂರನೇ ದಿನ ಬರಿಗೈಯಲ್ಲಿ ಬಾಗಿಲಲ್ಲಿ ನಿಂತು ಅಳುತ್ತಿದ್ದೆ.
"ಅಳಾಕೆ ಬಂದಾ? ಅದ್ನ ನಿನ್ ಮನೇಲಿ ಅಳು ಓಗು. ಬಾ ಇಲ್ಲಿ, ಇಡ್ಕೋ ಇವಳ್ನ. ಉಚ್ಚೆ ತಡ್ಕಂಡು ತಡ್ಕಂಡು ಒಟ್ಟೆ ಒಡೀತದೆ ನಂಗೆ. ಕೈ ಬುಟ್ಟೀಯ, ಸಿಗ್ದಾಕ್ಬುಡ್ತೀನಿ!"
ಹಿಡಿದುಕೊಂಡೆ.
ನೀನು ಹೊರಗೆ ಹೋದ ಮರುಗಳಿಗೆಯೇ ಫಿಟ್ಸ್ ಬಂತು. ಅವಳ ತಲೆ ನನ್ನ ಬಾಯಿಗೆ ಬಡಿಯಿತು. ಮತ್ತೆ... ಮತ್ತೆ... ಮುಂದಿನ ಹಲ್ಲು ಮುರಿಯಿತು. ಅವಳ ಸುಟ್ಟ ಕೈ ಮಂಚದ ಕಬ್ಬಿಣಕ್ಕೆ ತಾಗಬಾರದು, ಅದೊಂದೇ ನನ್ನ ತಲೆಯಲ್ಲಿ.
ಬಿಡಲಿಲ್ಲ.
ನೀನು ಬಂದು, ಸೆರಗಿನಿಂದ ನನ್ನ ಬಾಯಿಯ ರಕ್ತ ಒರೆಸಿದೆ.
"ಗೊತ್ತಾಯ್ತಾ? ನಂಗಿರಾದು ಎಲ್ಡೇ ಕೈ ಕಣಮ್ಮಿ. ಅವು ನೂಲ್ ತಗೀಬೇಕು. ನೀನು ಬುಚ್ಚಾಕ್ ಬಂದೆ, ಇಡ್ಕಳಾಕ್ ಬರ್ನಿಲ್ಲ."

ಆಮೇಲೆ ದಿನಾ ಮಧ್ಯಾಹ್ನ ಶೆಡ್ಡಿನಲ್ಲಿ ಗೌರಿ ನನ್ನ ತೊಡೆಯ ಮೇಲೆ.
"ಬಸುರಾಗೋ ವಯಸ್ಸಲ್ಲಿ ಅಂಥ ಮಗು ಮುಟ್ತೀಯಾ?" ಅಂದರು ಅತ್ತೆ. ಮುಟ್ಟಿದೆ.
ಕೌದಳ್ಳಿಯಿಂದ, ಕಾಲು ಸ್ವಾಧೀನವಿಲ್ಲದ ಮಗನನ್ನು ಹೊತ್ತು ಒಬ್ಬಳು ಬಂದಳು. ಮಾರ್ಟಳ್ಳಿಯಿಂದ, ಕತ್ತು ನಿಲ್ಲದ ಕೂಸಿನೊಂದಿಗೆ ಇನ್ನೊಬ್ಬಳು. ಸರದಿಯ ಮೇಲೆ ಒಬ್ಬಳು ಮಕ್ಕಳನ್ನು ಹಿಡಿಯುವುದು, ಉಳಿದವರು ನೂಲು ತೆಗೆಯುವುದು... ಆ ರೂಲ್ ಮಾಡಿದವಳು ನೀನೇ.
ಗೌರಿಯ ಅಪ್ಪ ಕುಡಿದು ಬಂದು ಅವಳ ಹೊಟ್ಟೆಗೆ ಒದ್ದ ದಿನ, ನಾವೆಲ್ಲ ಸೇರಿ ಅವನನ್ನು ಬೀದಿಯುದ್ದಕ್ಕೂ ಬಡಿದೆವು. ನನ್ನ ಕೈಯಲ್ಲೂ ಸೌದೆ ಇತ್ತು.
ಹೇಳಲು ನಾಚಿಕೆಯಿಲ್ಲ... ತುಂಬಾ ಖುಷಿಯಾಯಿತು!

ಗೌರಿಗೆ ಈಗ ಐವತ್ತು ದಾಟಿದೆ. ಫಿಟ್ಸ್ ಅವಳನ್ನು ಬಿಟ್ಟಿಲ್ಲ. ನೀನೂ ಬಿಟ್ಟಿರಲಿಲ್ಲ.
ಹೋದ ಸಲ ನಾನು ಬಂದಾಗ ಹೇಳಿದೆಯಲ್ಲ, "ನಾ ಓದ್ರೆ ಇವಳ್ನ ಕಟ್ಟಾಕ್ತಾರೆ ಕಣಮ್ಮಿ" ಅಂತ?
ನಾನು ಮೂರ್ಖಳು. "ಸಾಯೋ ಮಾತು ಬಿಡಕ್ಕಾ" ಎಂದು ನಕ್ಕುಬಿಟ್ಟೆ...

ಈಗಷ್ಟೇ ಸಾಕಮ್ಮನ ನಂಬರಿಗೆ ಮತ್ತೆ ಫೋನ್ ಮಾಡಿದೆ. ನಾನು ಬರುವ ಮೊದಲು ಅವಳನ್ನು ಕಟ್ಟಿದರೆ ಕೈ ಮುರಿಯುತ್ತೇನೆ ಅಂದೆ. ಆ ಕಡೆ ಯಾವನೋ ನಕ್ಕ.
"ಯಾವ್ದೋ ಮುದ್ಕಿ ಕೈ ಮುರೀತದಂತೆ ಕಣ್ಲಾ!"
ಅಷ್ಟರಲ್ಲಿ ಸಾಕಮ್ಮನ ದನಿ.
"ನೀವ್ ನಿದಾನುಕ್ ಬನ್ನಿ ಅಮ್ಮಾವ್ರೇ. ಅಗ್ಗನ ಒಲೆಗಾಕಿವ್ನಿ. ನಾಕ್ ಜನ ಎಂಗುಸ್ರು ಗೌರಿ ಸುತ್ತ ಕೂತಿದ್ದೀವಿ. ನನ್ ತೋಳ ಕಚ್ಚವ್ಳೆ, ಕಚ್ಕಳ್ಲಿ. ಅವ್ಳೇ ಅವ್ವನ ಕೈ ಬುಡೋಗಂಟ ಯಾರೂ ಎಣ ಎತ್ತಾಕಿಲ್ಲ."

ಕೊಳ್ಳೇಗಾಲದಲ್ಲಿರುವ ಫ್ರೆಂಡ್ಸ್, ಹಾರ ತರಬೇಡಿ. ಹೋಗಿ ಗೌರಿಯ ಹತ್ತಿರ ಕೂರಿ, ಪ್ಲೀಸ್.

ಅಕ್ಕಾ, ಮಗಳ ಮೇಲೆ ಒಂದು ಕೈಯಿಟ್ಟು, ಒಂದು ಕಣ್ಣು ತೆರೆದೇ ಇಷ್ಟು ವರ್ಷ ಮಲಗಿದವಳು ನೀನು.
ಇವತ್ತು ಎರಡೂ ಕಣ್ಣು ಮುಚ್ಚಿ ಮಲಗು.
ಮಾದಪ್ಪ ನಿನ್ನ ಜೀವಕ್ಕೆ ತಂಪು ಕೊಡಲಿ...