ಒನಕೆಯ ಚೇಗು, ಟೆಲಿಫೋನಿನ ತಂತಿ

ಇವತ್ತಿನ ಬೆಳಗೂ ದಿನದ ಹಾಗೇ ಶುರುವಾಯಿತು. ಅಂಗಳಕ್ಕೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಹಾಲು ಕಾಯಲಿಟ್ಟು, ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ ತಾಟಿನಲ್ಲಿ ಹರವಿದೆ. ಒಗ್ಗರಣೆಗೆ ಪುಟಾಣಿ ಪುಡಿ ಆಗಬೇಕಿತ್ತು. ಮೊನ್ನೆ ಹೊಗೆ ಬಿಟ್ಟು ನಿಂತಿದ್ದ ಮಿಕ್ಸಿಯನ್ನು ನಮ್ಮ ಮನೆಯವರು ನಿನ್ನೆ ರಿಪೇರಿ ಮಾಡಿಸಿ ತಂದಿದ್ದರು. ಗುಂಡಿ ತಿರುಗಿಸಿದೆ. ಪುಟಾಣಿ ಇನ್ನೂ ನುರಿದಿರಲಿಲ್ಲ, ಮಿಕ್ಸಿಯ ಅಡಿಯಿಂದ ಹೊಸ ವಾರ್ನಿಶ್ ವಾಸನೆ ಎದ್ದು ಬಂತು. ಬಿಸಿಲಲ್ಲಿ ಒಣಗಿದ ವಾರ್ನಿಶ್, ಅದರೊಳಗೆ ಬೆಚ್ಚಗಾದ ತಾಮ್ರ... ನಾನು ಗುಂಡಿ ಆರಿಸಿ ಹಾಗೇ ನಿಂತುಬಿಟ್ಟೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿದ್ದು ಆಮೇಲೆ ಗೊತ್ತಾಯಿತು.

ಅದು ವೈಂಡಿಂಗ್ ಕಾಕಾ ಅವರ ವಾಸನೆ. ಹಗರಿಬೊಮ್ಮನಹಳ್ಳಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ, ರಸ್ತೆಯ ಆಚೆ ಬದಿಗೆ ಅವರ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ, ಬಸ್ಸಿನ ಟಾಪಿನ ಮೇಲೆ, ಕೆಲವೊಮ್ಮೆ ಸೈಕಲ್ಲಿನ ಕ್ಯಾರಿಯರ್‌ನಲ್ಲಿ ಬಂದು ಅವರ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು. ಕರಕಾದ ತಂತಿಯನ್ನು ಕಿತ್ತು ತೆಗೆದು ತಕ್ಕಡಿಗೆ ಹಾಕುತ್ತಿದ್ದರು. ಎಷ್ಟು ತೂಗುತ್ತದೋ ಅಷ್ಟೇ ಹೊಸ ತಂತಿ ಸುತ್ತಬೇಕು, ಅದೇ ಅವರ ಲೆಕ್ಕ. ಸುತ್ತಿದ ಮೇಲೆ ವಾರ್ನಿಶ್ ಹೊಯ್ದು ಅಂಗಡಿಯ ತಗಡಿನ ಮೇಲೆ ಒಣಗಲು ಇಡುತ್ತಿದ್ದರು. ನಮ್ಮ ಪಡಸಾಲೆಗೆ ಮಧ್ಯಾಹ್ನದ ಗಾಳಿ ಬಂದರೆ ಆ ವಾಸನೆಯೂ ಜೊತೆಗೇ ಬರುತ್ತಿತ್ತು.

ಅವರದೊಂದು ಪದ್ಧತಿ ಇತ್ತು. ಮೋಟಾರ್ ಕೂಡಿಸಲು ಯಾರ ಹೊಲಕ್ಕೆ ಹೋದರೂ, ಪೈಪಿನ ಬಾಯಿಂದ ನೀರು ಬೀಳುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಅದಕ್ಕೆ ಮೊದಲು ಆ ಹೊಲದವರು ಕೊಟ್ಟ ಚಹಾವನ್ನೂ ಮುಟ್ಟುತ್ತಿರಲಿಲ್ಲ. ಕಾನಹೊಸಹಳ್ಳಿ ಕಡೆಯ ಒಬ್ಬರ ಹೊಲದಲ್ಲಿ ಕರೆಂಟಿಗಾಗಿ ಬೆಳಗಿನಿಂದ ಸಂಜೆಯವರೆಗೆ ಬದುವಿನ ಮೇಲೆ ಬರೀ ಹೊಟ್ಟೆಯಲ್ಲಿ ಕೂತಿದ್ದರಂತೆ. ನಮ್ಮತ್ತೆ ಇದನ್ನು ಹೇಳಿ ನಗುತ್ತಿದ್ದರು.

ನಾನು ಓದಿದ್ದು ಹರಪನಹಳ್ಳಿಯ ಕಾನ್ವೆಂಟಿನಲ್ಲಿ. ಅಲ್ಲಿ ಸಂಗೀತ ಕಲಿಸುತ್ತಿದ್ದ ಸಿಸ್ಟರ್ ಹತ್ತಿರ ಒಂದು ಹಳೆಯ ಗಿಟಾರ್ ಇತ್ತು. ಎಲ್ಲ ಗಿಟಾರಿನ ಹಾಗೆ ಅದರ ಎದೆ ಚಪ್ಪಟೆಯಾಗಿರಲಿಲ್ಲ, ಪಿಟೀಲಿನ ಹಾಗೆ ನಡುವೆ ಉಬ್ಬಿತ್ತು. ದುಂಡನೆಯ ತೂತಿನ ಬದಲು ಎರಡು ಬದಿಗೆ ಬಳುಕಿದ ಎರಡು ಸೀಳು. ಜೇನಿನ ಬಣ್ಣ, ಅಂಚಿಗೆ ಬಂದಂತೆ ಸುಟ್ಟ ಬೆಲ್ಲದ ಬಣ್ಣ. ತಂತಿಗಳ ಕೆಳಗೆ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಅದರೊಳಗೆ ಅಯಸ್ಕಾಂತ ಮತ್ತು ಅದರ ಸುತ್ತ ತಾಮ್ರದ ಎಳೆ. ಅದರಿಂದಲೇ ಅದು ಕರೆಂಟಿನ ಗಿಟಾರ್. ಯಾವುದೋ ದೇಶದ ಪಾದ್ರಿಯೊಬ್ಬರು ಎಷ್ಟೋ ವರ್ಷದ ಹಿಂದೆ ಬಿಟ್ಟುಹೋಗಿದ್ದಂತೆ. ನಾನು ನೋಡುವ ಹೊತ್ತಿಗೇ ಆ ಡಬ್ಬಿ ಮೂಕವಾಗಿತ್ತು, ತಂತಿ ಬಿಗಿ ಮಾಡುವ ಕಿವಿಗಳಲ್ಲಿ ಎರಡಕ್ಕೆ ಹಿಡಿಯೇ ಇರಲಿಲ್ಲ. ಆದರೂ ಸಿಸ್ಟರ್ ಅದರಲ್ಲೇ ನನಗೆ ಕಲಿಸಿದರು. ನನ್ನ ಮದುವೆ ಗೊತ್ತಾದಾಗ ಗಿಟಾರನ್ನು ನನ್ನ ಮಡಿಲಿಗಿಟ್ಟು, ಶಾಲೆಯಲ್ಲಿದ್ದರೆ ಗೆದ್ದಲಿಗೆ ಆಗುತ್ತದೆ, ನಿನ್ನ ಹತ್ತಿರ ಇದ್ದರೆ ಹಾಡುತ್ತದೆ ಅಂದರು.

ಹಾಡಲಿಲ್ಲ. ಸೊಸೆ ತಂಬೂರಿ ತಂದಾಳ ಅಂತ ಓಣಿಯವರು ನಾಲ್ಕು ದಿನ ಬಂದು ನೋಡಿಹೋದರು, ಐದನೇ ದಿನ ಅದು ಅಟ್ಟ ಸೇರಿತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಇಳಿಸಿ, ಕೊಬ್ಬರಿ ಎಣ್ಣೆ ಒರೆಸಿ, ವಿಭೂತಿ ಹಚ್ಚಿ ಮತ್ತೆ ಏರಿಸುವುದು. ಒಂದು ವರ್ಷ ತಂತಿಗಳಿಗೆ ತುಕ್ಕು ಹಿಡಿದಿತ್ತು. ಎಲ್ಲವನ್ನೂ ಬಿಚ್ಚಿದೆ. ಬಿಚ್ಚುತ್ತಿದ್ದಂತೆ ತಂತಿಗಳನ್ನು ಎತ್ತಿ ಹಿಡಿದಿದ್ದ ಮರದ ಕುದುರೆ ಕಳಚಿ ಬಿತ್ತು. ಆ ಜಾತಿಯ ಗಿಟಾರಿನಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡಕ್ಕೇ ನಿಂತಿರುತ್ತದೆ. ಅದನ್ನು ಬಚ್ಚಲ ಕಿಟಕಿಯಲ್ಲಿಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋದೆ. ಹೊರಗೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ಅತ್ತೆ ಕಿಟಕಿಯಲ್ಲಿ ಕೈಗೆ ಸಿಕ್ಕಿದ್ದನ್ನೂ ಒಟ್ಟಿದರು. ನಾನು ಮೈಮೇಲೆ ಹೊಯ್ದುಕೊಂಡ ಬಿಸಿನೀರು ಅದರಿಂದಲೇ ಕಾದದ್ದು ಅಂತ ಆಮೇಲೆ ತಿಳಿಯಿತು. ಯಾರನ್ನು ಬೈಯಲಿ... ಬೈಯಲಿಲ್ಲ. ಗಿಟಾರನ್ನು ಕೌದಿಯಲ್ಲಿ ಸುತ್ತಿ ಮೇಲಿಟ್ಟೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಿನ ಶಾಲೆಯಿಂದ ಕಾಗದ ಬಂತು. ಸಿಸ್ಟರ್ ಕೆಲಸ ಬಿಟ್ಟು ಕಾಯಂ ಆಗಿ ತಮ್ಮೂರಿಗೆ ಹೋಗುತ್ತಿದ್ದಾರೆ, ಬರುವ ತಿಂಗಳು ಬೀಳ್ಕೊಡುಗೆ, ಹಳೆಯ ವಿದ್ಯಾರ್ಥಿನಿಯರೆಲ್ಲ ಬರಬೇಕು ಅಂತ. ಕೆಳಗೆ ಸಿಸ್ಟರ್ ತಮ್ಮ ಕೈಯಿಂದಲೇ ಬರೆದಿದ್ದರು: 'ಗಿಟಾರ್ ತರುತ್ತೀಯಲ್ಲ? ಹೋಗುವ ಮುಂಚೆ ಒಮ್ಮೆ ಕೇಳಬೇಕು.'

ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ. ಅವರಿಗೆ ಏನೆಂದು ಬರೆಯುವುದು? ನೀವು ಕೊಟ್ಟಿದ್ದನ್ನು ಒಲೆಗೆ ಹಾಕಿ ಜಳಕ ಮಾಡಿದೆವು ಅಂತಲೇ? ಹೋಗದೇ ಇದ್ದುಬಿಡೋಣ ಅಂತಲೂ ಅನ್ನಿಸಿತು.

ನಮ್ಮ ಬೋರಿನ ಮೋಟಾರ್ ನೋಡಲು ಅದೇ ವಾರ ಕಾಕಾ ಮನೆಗೆ ಬಂದಿದ್ದರು. ನಾನು ಧೈರ್ಯ ಮಾಡಿ ಕೌದಿ ಬಿಚ್ಚಿ ತೋರಿಸಿದೆ. ಕಪ್ಪು ಡಬ್ಬಿಯನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇದೂ ಮೋಟಾರಿನ ಜಾತೀನೇ ತಂಗಿ. ಅಲ್ಲಿ ಕರೆಂಟ್ ಕೊಟ್ರ ತಿರುಗತೈತಿ, ಇಲ್ಲಿ ತಂತಿ ನಡುಗಿಸಿದ್ರ ಕರೆಂಟ್ ಬರತೈತಿ. ಆದ್ರ ಇಷ್ಟು ಸಣ್ಣ ಎಳಿ ನಾ ಹುಟ್ಟಿದಾಗಿಂದ ಸುತ್ತಿಲ್ಲ."

ನನ್ನ ಮುಖ ಬಾಡಿದ್ದನ್ನು ನೋಡಿರಬೇಕು. ಸುತ್ತೋದಿಲ್ಲ ಅಂತ ಎಲ್ಲಿ ಅಂದೆ ಅಂತ ತಾವೇ ಸೇರಿಸಿದರು.

ಹಳೆಯ ಎಳೆ ನೂರಾರು ಕಡೆ ತುಂಡಾಗಿತ್ತು. ಅವರ ಮೋಟಾರಿನ ತಕ್ಕಡಿಯಲ್ಲಿ ಅದು ತೂಗುವ ಮಾತಲ್ಲ. ಅಕ್ಕಸಾಲಿಗರ ಅಂಗಡಿಗೆ ಒಯ್ದು ಮೂಗುತಿ ತೂಗುವ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದರು. ಹೊಸ ಎಳೆ ಎಲ್ಲಿಯದು? ಕೂಡ್ಲಿಗಿಯಲ್ಲಿ ಸಿಗಲಿಲ್ಲ, ಕೊಟ್ಟೂರಿನಲ್ಲೂ ಸಿಗಲಿಲ್ಲ. ಕೊನೆಗೆ ಪರಿಚಯದ ಟೆಲಿಫೋನ್ ಬೂತಿನವರ ಹತ್ತಿರ ಮೂಲೆಗೆ ಬಿದ್ದಿದ್ದ ಬೆರಳು ಹಾಕಿ ತಿರುಗಿಸುವ ಕಪ್ಪು ಫೋನೊಂದನ್ನು ಬೇಡಿ ತಂದರು. ಅದರ ಗಂಟೆ ಬಾರಿಸುವ ಸುರುಳಿಯಲ್ಲಿ ಕೂದಲಿಗಿಂತ ಸಣ್ಣ ತಾಮ್ರದ ಎಳೆ ಹಾಗೇ ಹೊಳೆಯುತ್ತಿತ್ತು.

ಅಮಾವಾಸ್ಯೆಯ ದಿನ ಅಂಗಡಿಗೆ ಪೂಜೆ ಮಾಡಿ ಬಾಗಿಲು ಹಾಕಿಕೊಂಡು, ಕೈಯಿಂದ ತಿರುಗಿಸುವ ಪುಟ್ಟ ಯಂತ್ರ ಹೊತ್ತು ನಮ್ಮ ಪಡಸಾಲೆಗೆ ಬಂದರು. ಮೂರು ಸಲ ಎಳೆ ಕಡಿಯಿತು. ಮೂರನೇ ಸಲ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ದಪ್ಪ ತಂತಿ ಎಳೆದೆಳೆದು ಆ ಬೆರಳುಗಳ ತುದಿ ಗೊರಸಿನಂತಾಗಿತ್ತು.

"ನನ್ನ ಬೆರಳಿಗೆ ಇದು ತಿಳಿಯೂದಿಲ್ಲ. ನೀ ಹಿಡಿ ತಂಗಿ, ನಾ ತಿರುಗಸ್ತೀನಿ."

ಕಾನ್ವೆಂಟಿನಲ್ಲಿ ಕಸೂತಿ ಮಾಡಿದ ಬೆರಳು ನನ್ನವು. ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟುಕೊಂಡೆ. ಅದು ಅಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿರಲಿಲ್ಲ, ಚರ್ಮಕ್ಕೆ ಮಾತ್ರ ಗೊತ್ತಾಗುತ್ತಿತ್ತು. ಅವರು ತಿರುಗಿಸಿದರು. ಅತ್ತೆ ಬೀಸಣಿಗೆ ಕೆಳಗಿಟ್ಟು, ಉಸಿರು ಬಿಟ್ಟರೆ ಎಲ್ಲಿ ಕಡಿಯುತ್ತದೋ ಅಂತ ಸೆರಗು ಬಾಯಿಗೆ ಹಿಡಿದು ಕೂತರು. ಮಧ್ಯಾಹ್ನದ ಊಟ ಯಾರಿಗೂ ನೆನಪಾಗಲಿಲ್ಲ. ಸುರುಳಿ ತುಂಬಿದಾಗ ಹೊರಗೆ ದನ ಮನೆಗೆ ಬರುತ್ತಿದ್ದವು. ನಾನು ಮಾಡಿದ ಕೆಲಸ ಅಂತ ಈಗಲೂ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಅದೊಂದು ನನಗಿದೆ.

ಇನ್ನು ಕುದುರೆ. ಗಟ್ಟಿ ಮರ ಬೇಕು, ಒಳಗಿನ ಚೇಗು ಬೇಕು ಅಂದರು ಕಾಕಾ. ಅತ್ತೆಯ ಕಡೆ ನೋಡಿ, "ಅಕ್ಕಾರ, ಕುದುರಿ ಸುಟ್ಟು ನೀರು ಕಾಯ್ಸಿದೋರು ಈ ತಾಲೂಕಿನಾಗ ನೀವೊಬ್ಬರೇ ನೋಡ್ರಿ" ಅಂದರು. ಅತ್ತೆ ಎದ್ದು ಒಳಗೆ ಹೋಗಿ, ಅಟ್ಟದ ಮೇಲಿದ್ದ, ತಮ್ಮ ತವರು ಚಿಗಟೇರಿಯಿಂದ ಬಂದ ಹುಣಸೆ ಚೇಗಿನ ಒನಕೆಯನ್ನು ತಂದು ಅವರ ಮುಂದೆ ಮಲಗಿಸಿದರು. ಬೇಡ ಅಂತ ನಾನು ಅಂದಿದ್ದಕ್ಕೆ, ಗಿರಣಿ ಬಂದಮ್ಯಾಲೆ ಇದೂ ಅಟ್ಟದಾಗಿಂದೇ, ನಿನ್ನದೊಂದೇ ಏನು, ಅಂದರು.

ಕಾಕಾ ಅದರ ತುದಿ ಕೊಯ್ದು ಕುದುರೆ ಕೆತ್ತಿದರು. ಗಿಟಾರಿನ ಉಬ್ಬಿದ ಎದೆಯ ಮೇಲೆ ಪಾಲಿಶ್ ಕಾಗದವನ್ನು ಒರಟು ಮೈ ಮೇಲಾಗಿ ಹಾಸಿ, ಕುದುರೆಯ ಎರಡು ಪಾದಗಳನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿ ಉಜ್ಜಿ ಆ ಉಬ್ಬಿಗೇ ಕೂಡುವಂತೆ ತಂದರು. ಒಡೆದ ಸ್ವಿಚ್ಚಿನ ಕರಿ ತುಂಡುಗಳಿಂದ ಎರಡು ಕಿವಿಗೆ ಹಿಡಿ ಮಾಡಿದರು. ನಮ್ಮ ಮನೆಯವರು ದಾವಣಗೆರೆಯಿಂದ ತಂತಿ ತಂದರು. ಬೀಳ್ಕೊಡುಗೆಗೆ ಇನ್ನು ನಾಲ್ಕು ದಿನ ಇದ್ದಾಗ ಕಾಕಾ ಎಲ್ಲ ಕೂಡಿಸಿ, ತಂತಿ ಏರಿಸಿ ತಂದುಕೊಟ್ಟರು.

ನುಡಿಸಿದೆ. ಬಿಟ್ಟ ತಂತಿ ಸರಿಯಾಗಿತ್ತು. ಬೆರಳು ಕತ್ತಿನ ಮೇಲೆ ಸರಿದಂತೆ ಸ್ವರ ಹುಳಿಯಾಗುತ್ತಾ ಹೋಯಿತು. ಆಗ ನೆನಪಾಯಿತು, ಸಿಸ್ಟರ್ ಕುದುರೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ಸ್ವರ ಸೇರಿಸುತ್ತಿದ್ದುದು. ನಾನೂ ಸರಿಸಲು ಹೋದೆ, ಜಗ್ಗಲಿಲ್ಲ. ಕಾಕಾ ಅದನ್ನು ಅಂಟು ಹಾಕಿ ಕೂಡಿಸಿದ್ದರು. ನನ್ನನ್ನು ಕೇಳದೆ, ಒಳ್ಳೆಯದಕ್ಕೇ. ಅವರ ಕಸುಬಿನಲ್ಲಿ ಅಲುಗಾಡಿದ್ದು ಸುಟ್ಟುಹೋಗುತ್ತದೆ. ಅದನ್ನು ಕಾಣುವುದೇ ತಡ, ಬಿಗಿ ಮಾಡುವುದು ಅವರ ಕೈಗೆ ಕೂತಿತ್ತು. ಕುದುರೆ ಬರೀ ಒತ್ತಡಕ್ಕೆ ನಿಲ್ಲುವುದು ಅಂತ ನಾನೂ ಅವರಿಗೆ ಹೇಳಿರಲಿಲ್ಲ.

ಹಿರಿಯರಿಗೆ ನಿಮ್ಮದು ತಪ್ಪಾಗಿದೆ ಅಂತ ಹೇಗೆ ಹೇಳುವುದು? ತಲೆ ಬಗ್ಗಿಸಿ, ಸಣ್ಣ ದನಿಯಲ್ಲಿ ಹೇಳಿದೆ. ಅವರು ಗಿಟಾರ್ ಎತ್ತಿಕೊಂಡು ಹೋದರು. ಮರುದಿನ ತಂದರು. ಕಾಯಿಸಿದ ಚಾಕುವಿನಿಂದ ಅಂಟು ಬಿಡಿಸಿದ್ದರು. ಕುದುರೆ ಬಿಡಿಯಾಗಿತ್ತು, ಆದರೆ ಅದರ ಎರಡು ಪಾದಗಳಿದ್ದಲ್ಲಿ ಜೇನಿನ ಬಣ್ಣ ಕಿತ್ತುಬಂದು ಬರೀ ಮರ ಕಾಣುತ್ತಿತ್ತು.

"ಐವತ್ತು ವರ್ಷ ಅಲುಗಾಡೂದನ್ನ ಬಿಗಿ ಮಾಡೂದೇ ಕಲ್ತೀನಿ ತಂಗಿ. ಬಿಟ್ಟು ಕೂಡ್ಸೂದು ಇದೇ ಮೊದಲು. ಎಲ್ಲಿ ಕೂಡ್ಸಬೇಕು, ನೀ ಹೇಳು."

ನಾನು ನುಡಿಸುತ್ತಾ ಕಿವಿಗೊಟ್ಟು ಕೇಳಿ ಹೇಳಿದೆ, ಅವರು ಒಂದೊಂದೇ ಎಳೆಯಷ್ಟು ಸರಿಸಿದರು. ಒಂದು ಕಡೆ ಬಂದು ಸ್ವರ ತಾನಾಗಿ ಕೂಡಿಕೊಂಡಿತು. ಅತ್ತೆ ಒಳಗಿನಿಂದಲೇ, ಈಗ ಬರೋಬರಿ ಆತು ನೋಡು, ಅಂದರು. ಅವರಿಗೆ ಸಂಗೀತ ಬರುತ್ತಿರಲಿಲ್ಲ.

ಹರಪನಹಳ್ಳಿಗೆ ಹೊರಟ ದಿನ ಬೆಳಿಗ್ಗೆ, ಒಗೆದ ಖಾಕಿ ಅಂಗಿ ಹಾಕಿಕೊಂಡು ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ನಾನು ಕರೆದಿರಲಿಲ್ಲ. ನೀವ್ಯಾಕೆ ತ್ರಾಸ ತಗೊಂಡ್ರಿ ಅಂತ ನಮ್ಮ ಮನೆಯವರು ಕೇಳಿದ್ದಕ್ಕೆ, ನೀರು ಬಿದ್ದದ್ದು ನೋಡದ ನಾ ಯಾವ ಕೆಲಸ ಬಿಟ್ಟು ಬಂದೀನ್ರಿ ಅಂದರು. ದಾರಿಯುದ್ದಕ್ಕೂ ಕೌದಿಯಲ್ಲಿ ಸುತ್ತಿದ ಗಿಟಾರನ್ನು ಬಾಣಂತಿಯ ಕೂಸಿನಂತೆ ತೊಡೆಯ ಮೇಲೆ ಹಿಡಿದು ಕೂತಿದ್ದರು.

ಶಾಲೆಯ ಸಭಾಂಗಣದಲ್ಲಿ ಅವರೇ ಮೈಕ್ ಸೆಟ್ಟಿನವರ ಜೊತೆ ಕೂತು ವೈರ್ ಜೋಡಿಸಿದರು. ನಾನು ವೇದಿಕೆ ಹತ್ತಿ ಕೂತೆ. ಸಿಸ್ಟರ್ ಮುಂದಿನ ಸಾಲಿನಲ್ಲಿ, ಬಿಳಿ ಉಡುಪಿನಲ್ಲಿ, ಮುಂಚಿಗಿಂತ ಕುಗ್ಗಿ ಚಿಕ್ಕವರಾಗಿ ಕಂಡರು. ಮೊದಲ ತಂತಿ ಮೀಟುವಷ್ಟರಲ್ಲಿ ಕರೆಂಟು ಹೋಯಿತು.

ಹಿಂದೆ ಕಂಬದ ಹತ್ತಿರ ನಿಂತಿದ್ದ ಕಾಕಾ ಅವರ ಮುಖ ನೋಡಿದೆ. ನುಡಿಸು ಅಂತ ಕೈಸನ್ನೆ ಮಾಡಿದರು. ನುಡಿಸಿದೆ. ಸಿಸ್ಟರ್ ನನಗೆ ಮೊದಲು ಕಲಿಸಿದ್ದ ಪ್ರಾರ್ಥನೆಯ ರಾಗ. ಉಬ್ಬಿದೆದೆಯ ಗಿಟಾರ್ ಕರೆಂಟಿಲ್ಲದೆಯೂ ಹಾಡಿತು, ಒನಕೆಯ ಚೇಗು ಅದನ್ನು ಎತ್ತಿ ಹಿಡಿಯಿತು. ಮುಂದಿನ ನಾಲ್ಕು ಸಾಲಿಗೆ ಕೇಳಿಸಿರಬಹುದು. ಹಿಂದಿದ್ದ ಮಕ್ಕಳು ಕೇಳಿಸಿಕೊಳ್ಳಲು ಒಬ್ಬರನ್ನೊಬ್ಬರು ಸುಮ್ಮನಾಗಿಸಿದರು. ಅರ್ಧ ದಾಟಿದ್ದೆ, ಫ್ಯಾನು ತಿರುಗಿತು. ಮರುಗಳಿಗೆ ನನ್ನ ಬೆರಳ ಕೆಳಗಿನ ಸ್ವರ ಎದ್ದು ಇಡೀ ಸಭಾಂಗಣ ತುಂಬಿತು. ದುಂಡಗೆ, ಬೆಚ್ಚಗೆ... ನಾನು ಹಿಡಿದ ಎಳೆ, ಅವರು ತಿರುಗಿಸಿದ ಸುತ್ತು. ಆ ಗಿಟಾರಿನ ಪೂರಾ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಸಿಸ್ಟರ್ ಕೂಡ ಎಷ್ಟೋ ವರ್ಷದ ಮೇಲೆ ಕೇಳಿದರಂತೆ.

ಆಮೇಲೆ ಸಿಸ್ಟರ್ ಗಿಟಾರಿನ ಎದೆಯ ಮೇಲಿನ ಆ ಎರಡು ಬೋಳು ಗುರುತನ್ನು ಬೆರಳಿನಿಂದ ಸವರಿ ಏನಿದು ಅಂದರು. ನಾನು ಬಚ್ಚಲೊಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಕ್ಕರು. ಕಣ್ಣು ಒರೆಸಿಕೊಂಡರು. ಕಂಬದ ಹತ್ತಿರ ಹೋಗಿ ಕಾಕಾಗೆ ಕೈಮುಗಿದರು. ಅವರಿಗೆ ಏನು ಮಾಡಬೇಕೋ ತಿಳಿಯದೆ ಖಾಕಿ ಅಂಗಿಯ ಗುಂಡಿ ಮುಟ್ಟಿಕೊಂಡು ನನ್ನ ಕಡೆ ತಿರುಗಿದರು.

"ನೀರು ಬಂತು ತಂಗಿ. ಈಗ ಚಾ ಕುಡೀತೀನಿ."

ಊರಿಗೆ ಬಂದ ಮೇಲೆ ಒಂದೇ ಒಂದು ಸಲ ಕೇಳಿದ್ದರು, ಒಂದಿನ ಅಂಗಡ್ಯಾಗ ಬಂದು ಬಾರಿಸು, ಮೋಟಾರ್ ತಂದೋರು ಕೇಳ್ಲಿ ಅಂತ. ರಸ್ತೆ ಬದಿಯ ಅಂಗಡಿಯಲ್ಲಿ, ಗಂಡಸರ ನಡುವೆ, ಮನೆತನದ ಸೊಸೆ ಕೂತು... ಆಯ್ತು ಕಾಕಾ, ಬರ್ತೀನಿ ಅಂದೆ. ಹೋಗಲಿಲ್ಲ. ಮತ್ತೆ ಅವರು ಕೇಳಲಿಲ್ಲ. ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟು ಹೊಳೆಸಾಲಿನ ಮಾಗಳದಲ್ಲಿದ್ದ ಮಗಳ ಮನೆಗೆ ಹೋದರು. ಜೀವಮಾನವೆಲ್ಲ ನೆಲದ ತಳದ ನೀರೆತ್ತಿದವರು ಕೊನೆಗೆ ಹೊಳೆ ದಂಡೆಯಲ್ಲಿ ಕಣ್ಣು ಮುಚ್ಚಿದರು. ಸುದ್ದಿ ಬರುವ ಹೊತ್ತಿಗೆ ದಿನಕರ್ಮವೂ ಮುಗಿದಿತ್ತು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಅತ್ತೆಯೂ ಇಲ್ಲ.

ಇವತ್ತು ಸಂಜೆ ಗಿಟಾರ್ ಇಳಿಸಿದೆ. ತಂತಿ ಸಡಿಲ ಮಾಡಿದಾಗ ಕುದುರೆ ಕಳಚಿ ಅಂಗೈಗೆ ಬಂತು. ಹುಣಸೆಯ ಚೇಗು, ಇನ್ನೂ ತಣ್ಣಗೆ, ಇನ್ನೂ ಭಾರ. ಒರೆಸಿ, ಹೊಸ ತಂತಿ ಏರಿಸಿ, ಆ ಎರಡು ಗುರುತಿನಿಂದ ಒಂದು ಎಳೆಯಷ್ಟು ಹಿಂದಕ್ಕೆ ಕೂಡಿಸಿದೆ. ಆಮೇಲೆ ಕುರ್ಚಿಯನ್ನು ಪಡಸಾಲೆಯಿಂದ ಹೊರಗೆ ತಂದು ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಹಾಕಿಕೊಂಡೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಎದುರಿನ ಮೊಬೈಲ್ ಅಂಗಡಿಯಲ್ಲಿದ್ದವರು ತಲೆಯೆತ್ತಿ ನೋಡಿದರು. ನಾನು ನಿಲ್ಲಿಸಲಿಲ್ಲ. ಅದೇ ಪ್ರಾರ್ಥನೆಯ ರಾಗ, ಮೊದಲಿಂದ ಕೊನೆಯವರೆಗೆ. ಮುಗಿಸಿ ಮತ್ತೆ ಶುರು ಮಾಡಿದ್ದೆ, ಪಕ್ಕದ ಮನೆಯಾಕೆ ಎರಡು ಕೊಡ ಹಿಡಿದು ನಮ್ಮ ಗೇಟಿನ ಮುಂದೆ ಹಾದುಹೋಗುತ್ತಾ, ನಿಲ್ಲದೆಯೇ ಅಂದಳು:

"ಬಾರ್ಸಿದ್ದು ಸಾಕ್ರಿ ಅಕ್ಕಾರ, ನಳಕ್ಕ ನೀರು ಬಂದಾವು."