ತಿನ್ನದವನು ಉಳಿಸಿಕೊಟ್ಟ ಮೀನು

ಅರಕಲಗೂಡಿನ ಮೀನಿನಂಗಡಿ ಮಾದಮ್ಮನಿಗೆ ಶನಿವಾರವೆಂದರೆ ಶನಿಕಾಟವೇ. ಗೊರೂರಿನಿಂದ ಮೀನಿನ ಆಟೋ ಬರುವುದು ಶುಕ್ರವಾರ ಸಂಜೆ. ಭಾನುವಾರ ಬೆಳಗಿನ ಮೀನೆಲ್ಲ ಹಾಸನದ ಪಾಲು. ನಡುವಿನ ಶನಿವಾರ ವ್ರತ ಹಿಡಿಯುವ ತಿಮ್ಮಪ್ಪನ ಒಕ್ಕಲಿನವರು ಅಂಗಡಿಯತ್ತ ಮುಖವನ್ನೂ ಹಾಕುವುದಿಲ್ಲ. ಮುಖ ಹಾಕುವುದು ಬೆಕ್ಕುಗಳು ಮಾತ್ರ.

ಹಾಗಾಗಿ ಚನ್ನರಾಯಪಟ್ಟಣದಲ್ಲಿ ಯಾರೋ ಹೋಟೆಲ್ ಮುಚ್ಚುತ್ತಾರೆಂದು ತಿಳಿದಾಗ ಅವಳು ಮೀನಮೇಷ ಎಣಿಸದೆ ಅಲ್ಲಿನ ಗಾಜಿನ ಬಾಗಿಲ ಫ್ರಿಜ್ಜು ತಂದಳು. ಅರಿಶಿನ ಕುಂಕುಮವಿಟ್ಟು ಹೂವು ಮುಡಿಸಿದಳು. ಶುಕ್ರವಾರ ಬಂದ ಮೀನನ್ನು ಹೊಟ್ಟೆಯನ್ನೂ ಸೀಳದೆ ಪ್ಲಾಸ್ಟಿಕ್ ಕವರಿಗೆ ತುರುಕಿ, ಒಂದರ ಮೇಲೊಂದು ಜಡಿದಳು. ಶನಿವಾರವಿಡೀ ನೋಡಲು ಬಂದ ಬೀದಿಯವರಿಗೆಲ್ಲ ಬಾಗಿಲು ತೆಗೆದು ತೋರಿಸಿದಳು.

ಭಾನುವಾರ ಬೆಳಿಗ್ಗೆ ಮೊದಲ ಗಿರಾಕಿ ಅಣ್ಣಯ್ಯ. ಹದಿಮೂರು ವರ್ಷದ ಖಾಯಂ ಗಿರಾಕಿ.

"ಮಗಳು ವರ್ಷಾ ಬಂದವ್ಳೆ ಕಣಮ್ಮ. ಏಳು ತಿಂಗ್ಳು. ಮೀನಿನ ಸಾರೇ ಬೇಕಂತೆ. ಒಂದು ಒಳ್ಳೆ ಕಾಟ್ಲಾ ಕೊಡು."

ಮಾದಮ್ಮ ಒಂದನ್ನು ಎತ್ತಿ ಬೆನ್ನು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಕಿವಿರು ಎತ್ತಿ ನೋಡಿದರೆ ಕೆಂಪು ಹೋಗಿ ಕಂದು. ಕಣ್ಣು ಒಳಗಿಳಿದಿತ್ತು. ಹುಣಸೆಹುಳಿ, ಖಾರ ಬಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಸುರಿಯ ಹೊಟ್ಟೆಗೆ ಮಾತ್ರ ಗೊತ್ತಾಗುತ್ತಿತ್ತು.

"ಇವತ್ತಿಲ್ಲ ಕಣಣ್ಣ."

"ಇಲ್ವಾ? ಒಳಗೆ ರಾಶಿ ರಾಶಿ ಮಲಗವಲ್ಲಾ!"

"ನೋಡಕ್ಕವೆ. ತಿನ್ನಕ್ಕಲ್ಲ."

"ಬರೋ ಭಾನುವಾರ ಬತ್ತೀನಿ. ಆಗ್ಲೂ ಇಂಗೇ ಅಂದ್ರೆ ಆಸನಕ್ಕೇ ಓಯ್ತೀನಿ, ಬ್ಯಾಸರ ಮಾಡ್ಕಬೇಡ."

ಅಣ್ಣಯ್ಯ ಹೋದರೆ ಅವನ ಬೀದಿಯೇ ಹಿಂದೆ ಹೋಗುತ್ತದೆ. ಮಾದಮ್ಮ ಅಷ್ಟೂ ಮೀನನ್ನು ಗುಂಡಿ ತೋಡಿ ಮುಚ್ಚಿಸಿ, ರಿಪೇರಿಯ ಶಶಿಕಿರಣನನ್ನು ಕರೆಸಿದಳು. ಹಣೆ ತುಂಬ ವಿಭೂತಿ, ಮೂಗಿಗೆ ಟವಲು ಬಿಗಿದು ಬಂದ ಅವನು ಮೀನನ್ನು ಜನ್ಮದಲ್ಲಿ ಬಾಯಿಗಿಟ್ಟವನಲ್ಲ. ಒಳಗೆ ಥರ್ಮಾಮೀಟರ್ ಇಟ್ಟು ನೋಡಿದ. ಒಂಬತ್ತು ಡಿಗ್ರಿ. ಮೀನಿಗೆ ನಾಲ್ಕು ದಾಟಬಾರದು.

"ಮಿಷನ್ ಸರಿಯಾಗೇ ಇದೆ ಕಣಮ್ಮ. ಬೀದಿಯೋರಿಗೆಲ್ಲ ಬಾಗಿಲು ತೆಗೆದು ದರ್ಶನ ಕೊಡಿಸಿದ್ರಂತೆ? ಹಂಗೆ ಮಾಡಿದ್ರೆ ಇದು ಗುಡಿ ಆಗುತ್ತೆ, ಫ್ರಿಜ್ ಆಗಲ್ಲ."

"ತಣ್ಣಗಿದ್ರೆ ಕೆಡಲ್ಲ ಅಂದ್ಕಂಡಿದ್ದೆ ಕಣಪ್ಪ."

"ಕೆಡೋದು ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೆ. ಮೊದಲು ಕೆಡೋದು ಹೊಟ್ಟೆ. ಬಂದ ತಕ್ಷಣ ಸೀಳಿ, ಕರುಳು ಕಿವಿರು ತೆಗೆದು ತೊಳೀರಿ. ತೂತಿರೋ ಟ್ರೇನಲ್ಲಿ ಪುಡಿ ಐಸು, ಮೀನು, ಮೇಲೆ ಮತ್ತೆ ಐಸು. ಕರಗಿದ ನೀರು ಬಸಿದು ಹೋಗ್ಬೇಕು. ಬಾಗಿಲು ಮುಚ್ಚಿರ್ಬೇಕು. ಎರಡು ದಿನ ನಿಶ್ಚಿಂತೆ. ವಾರಗಟ್ಟಲೆ ಅಲ್ಲ."

"ಮೀನು ಮುಟ್ಟದೋನಿಗೆ ಇಷ್ಟೆಲ್ಲ ಎಂಗ್ಲಾ ಗೊತ್ತು?"

"ಹಾಸನದಲ್ಲಿ ಐಸ್ ಫ್ಯಾಕ್ಟರೀಲಿ ಐದು ವರ್ಷ ಇದ್ದೆ. ತಿನ್ನೋರಿಗೆ ನಾಲಿಗೆ ಚುರುಕು, ತಿನ್ನದೋರಿಗೆ ಮೂಗು!"

ಮುಂದಿನ ಶುಕ್ರವಾರ ಸಂಜೆ ಮಾದಮ್ಮ ಚೂರಿ ಹಿಡಿದು ಕೂತವಳು ಕೊನೆಯ ಮೀನು ಐಸಿನಡಿ ಹೋಗುವವರೆಗೂ ಏಳಲಿಲ್ಲ. ಶನಿವಾರವಿಡೀ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕೂತಳು.

ಭಾನುವಾರ ಅಣ್ಣಯ್ಯ ತಾನೇ ಬೆರಳಿಟ್ಟು ಒತ್ತಿದ. ಗುಳಿ ಪುಟಿದು ಮೇಲೆದ್ದಿತು. ಮೂಸಿದ. ಕೆರೆಯ ವಾಸನೆ, ಅಷ್ಟೆ.

"ಓದ ವಾರ ನೀನು ಇಲ್ಲ ಅಂದಿದ್ದೇ ಒಳ್ಳೇದಾಯ್ತು ಕಣಮ್ಮ," ಎಂದು ಚೀಲ ಬಿಚ್ಚಿದ. ವರ್ಷಾ ಎರಡು ಸಲ ಬಡಿಸಿಕೊಂಡಳೆಂಬ ಸುದ್ದಿ ಸಂಜೆಗೇ ಬಂತು.

ಉಪಕಾರ ಮಾಡಿದವರ ಮನೆಗೆ ಮೀನು ಕಳಿಸುವುದು ಮಾದಮ್ಮನ ಪದ್ಧತಿ. ಈ ಉಪಕಾರಿಗೆ ಅದನ್ನೇ ಕಳಿಸುವಂತಿಲ್ಲವಲ್ಲ! ವಾರವೆಲ್ಲ ಯೋಚಿಸಿದಳು. ಕೊನೆಗೆ ಶಶಿಕಿರಣನ ತಾಯಿ ಬಸವಲಿಂಗಮ್ಮನ ಹಿತ್ತಲಲ್ಲಿ ಮೊಣಕಾಲೆತ್ತರಕ್ಕೇ ನಿಂತಿದ್ದ ಕರಿಬೇವು ನೆನಪಾಯಿತು. ಈಗ ಪ್ರತಿ ಶುಕ್ರವಾರ ಮೀನು ತೊಳೆದ ನೀರು ಬಕೆಟ್‌ಗಟ್ಟಲೆ ಇತ್ತು. ಹಿಂದಿನ ಬಾಗಿಲಿಗೆ ಹೋಗಿ, ಅದನ್ನು ಗಿಡಕ್ಕೆ ಹಾಕಲೇ ಎಂದು ಅಳುಕುತ್ತಲೇ ಕೇಳಿದಳು.

ಬಸವಲಿಂಗಮ್ಮ ಸೆರಗು ಮೂಗಿಗೆ ಹಿಡಿದರು. "ಗಿಡಕ್ಕೆ ಯಾವ ಮಡಿ ಮಾದಮ್ಮ? ಸುರಿ. ಆಮೇಲೆ ಮಣ್ಣು ಎಳೆದ್ಬಿಡು."

ಮಳೆಗಾಲ ಮುಗಿಯುವಷ್ಟರಲ್ಲಿ ಕರಿಬೇವು ಗೋಡೆ ದಾಟಿತು. ಪ್ರತಿ ಭಾನುವಾರ ಬೆಳಿಗ್ಗೆ ಬಸವಲಿಂಗಮ್ಮನ ಮನೆಯಿಂದ ಅಂಗಡಿಗೆ ಒಂದು ಕಟ್ಟು ಬರುತ್ತದೆ. ಮಾದಮ್ಮ ಮೀನಿನ ಜೊತೆ ಎಲ್ಲರಿಗೂ ಒಂದೊಂದು ಎಸಳು ಹಾಕಿ ಕೊಡುತ್ತಾಳೆ. ಬಾಣಂತನಕ್ಕೆ ತವರಲ್ಲೇ ಇರುವ ವರ್ಷಾಳ ಪಾಲಿಗೆ ಎರಡು.